ಒಂದು ಮೊಳ ಆಳದಲ್ಲಿ

ಕಂಪ್ಲಿಯ ಕಡೆ ಕಬ್ಬು ಕಡಿದು ಸಾಗಿಸಿದ ಮೇಲೆ ಹೊಲದಲ್ಲಿ ಉಳಿಯುವ ಒಣಗರಿಗೆ ರವದಿ ಎನ್ನುತ್ತಾರೆ. ಕಡ್ಡಿ ಗೀರಿದರೆ ಅರ್ಧ ಗಂಟೆಯಲ್ಲಿ ಹೊಲ ಚೊಕ್ಕ. ಹೋದ ವರ್ಷ ಯಮನಮ್ಮ ಗಂಡ ಹುಸೇನಪ್ಪನನ್ನು ಕಾಡಿ ಬೇಡಿ, ನಾಲ್ಕು ಎಕರೆಯಲ್ಲಿ ಅರ್ಧ ಎಕರೆಯನ್ನು ಸುಡದೆ ಉಳಿಸಿಕೊಂಡಿದ್ದಳು. ಸಾಲುಗಳ ನಡುವೆ ರವದಿ ಹರವಿ, ವರ್ಷವಿಡೀ ಸಗಣಿ ನೀರು ಹೊಯ್ದಿದ್ದಳು. ಅವನದು ಒಂದೇ ಷರತ್ತು: ಮುಂದಿನ ಕಟಾವಿಗೆ ಅಲ್ಲಿ ಎರೆಹುಳ ತೋರಿಸಬೇಕು. ಇಲ್ಲದಿದ್ದರೆ ಆ ತುಂಡಿಗೂ ಬೆಂಕಿ.

ಕಟಾವು ಮುಗಿದಾಗ ಏಪ್ರಿಲ್. ಕಾಲುವೆಗೆ ನೀರು ಬರುವುದು ನಿಂತು ಇಪ್ಪತ್ತು ದಿನವಾಗಿತ್ತು. ಬೆಳಗಿನ ಒಂಬತ್ತಕ್ಕೇ ಬಿಸಿಲು ನೆತ್ತಿ ಸುಡುತ್ತಿತ್ತು. ಪಕ್ಕದ ಹೊಲದ ಹೊನ್ನೂರಪ್ಪ ಸಾಕ್ಷಿಗೆಂದು ಬದುವಿನ ಮೇಲೆ ಬಂದು ಕೂತ. ಹುಸೇನಪ್ಪ ರವದಿ ಸರಿಸಿ ಒಂದು ಗೇಣು ಅಗೆದ. ಇನ್ನೊಂದು ಕಡೆ ಅಗೆದ. ಮೂರನೆಯ ಕಡೆಯೂ ಅಗೆದ. ಒಂದು ಹುಳವೂ ಇಲ್ಲ.

“ಎಲ್ಲಿ ತಂಗಿ, ನಿನ್ನ ಮಕ್ಕಳು? ಹಂಪಿ ನೋಡಾಕ ಹೋಗ್ಯಾವೇನು?” ಎಂದ ಹೊನ್ನೂರಪ್ಪ.

“ನೀ ಸುಮ್ನ ಕುಂದ್ರಣ್ಣ.”

ಹುಸೇನಪ್ಪ ನಗಲಿಲ್ಲ. “ಮಳಿಗಾಲದಾಗ ಇಷ್ಟ ಆಳಕ್ಕ ಸಿಗತಿದ್ವು. ಈ ಬಿಸಿಲಿಗೆ ಸತ್ತಾವು, ಬಿಡು,” ಎಂದು ಬೆಂಕಿಪೊಟ್ಟಣ ತೆಗೆದ.

ಯಮನಮ್ಮ ಗುಂಡಿಗೆ ಕೈಯಿಟ್ಟಳು. ತಳ ತಣ್ಣಗಿತ್ತು. ಕಮಲಾಪುರದ ತವರಿನಲ್ಲಿ ಅವ್ವ ಬೇಸಿಗೆಯಲ್ಲಿ ಬಾಳೆಗಡ್ಡೆ ಕೀಳುವಾಗ, ಆಳದಿಂದ ಗಂಟು ಹಾಕಿದ ದಾರದಂಥ ಹುಳಗಳು ಮೇಲೆ ಬರುತ್ತಿದ್ದವು. ಅವ್ವ ಅವನ್ನು ಎಬ್ಬಿಸಬಾರದೆಂದು ಮೆಲ್ಲಗೆ ಮಣ್ಣು ಮುಚ್ಚುತ್ತಿದ್ದಳು.

“ತಡೀರಿ! ಈ ಬಿಸಿಲಿಗೆ ನೀವು ಅಂಗಳದಾಗ ಮಲಗತೀರೇನು? ನೆಳ್ಳು ಹುಡುಕ್ಕೊಂಡು ಒಳಗ ಹೋಗತೀರಿ. ಅವೂ ಹಂಗ.”

ಗಂಡನ ಕೈಯಿಂದ ಸಲಿಕೆ ಕಸಿದುಕೊಂಡು ಅಗೆಯತೊಡಗಿದಳು. ಬೆವರು ಕಣ್ಣಿಗಿಳಿಯಿತು. ಒಂದು ಮೊಳ ಆಳಕ್ಕೆ ಇಳಿದಾಗ ಮಣ್ಣಿನ ಹೆಂಟೆ ಒಡೆಯಿತು. ಒಳಗೆ ಗೋಲಿಯಷ್ಟು ನುಣುಪಾದ ಗೂಡು, ಅದರಲ್ಲಿ ಸುರುಳಿ ಸುತ್ತಿಕೊಂಡ ಕೆಂಪು ಹುಳ.

“ಸತ್ತದ್ದು,” ಎಂದ ಹುಸೇನಪ್ಪ.

ಅವಳು ಅದನ್ನು ಅಂಗೈಯಲ್ಲಿಟ್ಟು, ತಂಬಿಗೆಯಿಂದ ನಾಲ್ಕು ಹನಿ ನೀರು ಬಿಟ್ಟಳು. ಮೂವರೂ ಬಗ್ಗಿ ನಿಂತರು. ಸುರುಳಿ ಅಲುಗಿತು, ಸಡಿಲಾಯಿತು, ಉದ್ದಕ್ಕೆ ಚಾಚಿಕೊಂಡಿತು.

“ಮೈಮುರಿಯಾಕತ್ತೈತಿ ನೋಡಲೇ ಹುಸೇನ!” ಎಂದು ಹೊನ್ನೂರಪ್ಪ ಕೂಗಿಯೇಬಿಟ್ಟ.

ಆ ಒಂದೇ ಗುಂಡಿಯಲ್ಲಿ ಹನ್ನೊಂದು ಸಿಕ್ಕವು. ಹುಸೇನಪ್ಪ ಹಟ ಬಿಡದೆ, ಪ್ರತಿ ವರ್ಷ ಸುಡುವ ಕಡೆಗೆ ಹೋಗಿ ಅಷ್ಟೇ ಆಳ ಅಗೆದ. ಸಲಿಕೆ ಕಲ್ಲಿಗೆ ಬಡಿದಂತೆ ಠಣ್ಣೆಂದಿತು. ಒಣ ಹೆಂಟೆ ಬಿಟ್ಟರೆ ಮತ್ತೇನೂ ಇಲ್ಲ. ಆ ಹೆಂಟೆಯನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದ.

ಆಚೆ ತುದಿಯಲ್ಲಿ ಸುಡಲೆಂದು ರವದಿ ಗುಡ್ಡೆ ಹಾಕುತ್ತಿದ್ದ ಆಳುಗಳಿಗೆ ಗಟ್ಟಿಯಾಗಿ ಕೂಗಿದ: “ಏ, ಗುಡ್ಡಿ ಹಾಕಬ್ಯಾಡ್ರಿ! ಸಾಲಿನಾಗ ಹರವ್ರಿ, ನಾಕೂ ಎಕರೆಕ್ಕ! ಹೆಂಗ ಹರವಬೇಕಂತ ನಮ್ಮಾಕಿ ಹೇಳತಾಳ, ಕೇಳ್ರಿ!”

ಯಮನಮ್ಮ ಹನ್ನೊಂದನ್ನೂ ಮೊದಲಿದ್ದ ಆಳದಲ್ಲೇ ಮಲಗಿಸಿ, ಮಣ್ಣು ಮುಚ್ಚಿ, ಮೇಲೆ ರವದಿ ಹೊದಿಸಿದಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಆಳುಗಳ ಕಡೆ ನಡೆದಳು.