ಕುಕ್ಕರ್ ಮೇಲಿನ ಹೆಸರು

ದ್ರೌಪತಿಬಾಯಿ ಗಂಡನ ಮೇಲೆ ಸಿಟ್ಟಾಗಿ ಐದು ವರ್ಷವಾಗಿತ್ತು. ಕಾರಣ ಒಂದು ಕುಕ್ಕರ್. ನಮ್ಮ ಬೀದರ ಜಿಲ್ಲೆಯದೇ ಹುಮನಾಬಾದಿನಲ್ಲಿ ಗಂಡ ದಿಗಂಬರ ಅದನ್ನು ಅವಳಿಗೆಂದೇ ಕೊಂಡಿದ್ದ. ನಮ್ಮ ಕಡೆ ಉಡುಗೊರೆಯ ಪಾತ್ರೆಯ ಮೇಲೆ ಕೊಟ್ಟವರ ಹೆಸರು ಕೊರೆಸುತ್ತಾರೆ. ಅದರ ಮೇಲೆ ಮಾತ್ರ ಬೇರೆ ಯಾರದೋ ಹೆಸರಿತ್ತು!

ನಾನು ನೂರೀನ್, ಬಸವಕಲ್ಯಾಣದಲ್ಲಿ ಅವರ ವಕೀಲೆ. ಈ ಜಗಳ ಕೇಳಿ ಎಷ್ಟೋ ಸಲ ನಕ್ಕಿದ್ದೇನೆ. ಆದರೆ ಹೋದ ವರ್ಷ ಅದೇ ಕುಕ್ಕರ್ ಸಿಡಿದು ಆಕೆಯ ಬಲಗೈ ಬೆಂದಿತು, ಬೆರಳುಗಳು ಮಡಚಿಕೊಂಡವು. ಆಪರೇಷನ್ ಆದರೆ ಬಿಚ್ಚುತ್ತವೆ ಎಂದರು ಡಾಕ್ಟರು. ಆ ಖರ್ಚಿಗೆ ಪರಿಹಾರ ಕೊಡಬೇಕಾದ, ಕುಕ್ಕರ್ ಮಾರುತ್ತಿದ್ದ ಇಲ್ಲಿನ ಕಂಪನಿ ಅಷ್ಟರಲ್ಲಿ ಬಾಗಿಲು ಹಾಕಿತ್ತು. ಉಳಿದದ್ದು ಜರ್ಮನಿಯ ಮೂಲ ಕಂಪನಿ ಒಂದೇ. ಅದರ ಮೇಲೆ ಬಸವಕಲ್ಯಾಣದಲ್ಲಿ ಕೇಸು ಹಾಕಿದೆವು.

ಅದರ ಅಫಿಡವಿಟ್ಟನ್ನು ಇಬ್ಬರಿಗೂ ಓದಿ ಹೇಳಿದೆ. ‘ಬೀದರ ಜಿಲ್ಲೆಯಲ್ಲಿ ನಾವು ವ್ಯಾಪಾರ ಮಾಡಿಲ್ಲ, ನಮ್ಮವರು ಕಾಲಿಟ್ಟಿಲ್ಲ. ನಮ್ಮನ್ನು ವಿಚಾರಿಸುವ ಅಧಿಕಾರ ಬಸವಕಲ್ಯಾಣದ ಕೋರ್ಟಿಗಿಲ್ಲ. ಸಹಿ: ನಿರ್ದೇಶಕ ಹಾನ್ಸ್ ವೀಬರ್.’

“ವೀಬರ್?” ದ್ರೌಪತಿಬಾಯಿ ದಿಗ್ಗನೆ ಎದ್ದಳು. “ನನ್ನ ಕುಕ್ಕರ್ ಮ್ಯಾಲೆ ಕುಂತಾವ ಇವನೇ ಅಲ್ಲೇನ್ರಿ?”

ಆ ಕುಕ್ಕರನ್ನು ಈಗಲೇ ತನ್ನಿ ಎಂದೆ.

ಒಡೆದ ಕುಕ್ಕರ್ ಕೋರ್ಟಿಗೆ ಬಂತು. ‘ದ್ರೌಪತಿಗೆ, ವೀಬರ್ ಸಾಹೇಬರಿಂದ, ಹುಮನಾಬಾದ್, 2019.’ ಹೆಸರು ಕೊರೆದ ಅಬ್ದುಲ್ ಕರೀಂ ಸಾಕ್ಷಿಗೆ ನಿಂತ.

“ಆ ಜರ್ಮನಿ ಸಾಹೇಬ್ರು ನಮ್ಮ ಅಂಗಡ್ಯಾಗ ನಿಂತು ಗಿರಾಕಿಗೆಲ್ಲ ಮುಚ್ಚಳ ಹ್ಯಾಂಗ ಹಾಕೂದು ತೋರ್ಸಿದ್ರಿ. ತಮ್ಮ ಕೈಲೇ ದಿಗಂಬರಗ ಕುಕ್ಕರ್ ಕೊಟ್ರು. ಕೊಟ್ಟವರ ಹೆಸರು ಹಾಕೂದು ನಮ್ಮ ರಿವಾಜು. ಹಾಕ್ದೆ. ರೊಕ್ಕ ಇವ ಕೊಟ್ಟಾನಂತ ನನಗೇನು ಗೊತ್ರಿ?”

ಜಡ್ಜ್ ಸಾಹೇಬರೂ ನಕ್ಕರು. ಇಲ್ಲಿಗೆ ಬಂದು ಮಾಲು ತೋರಿಸಿದವರು ಇಲ್ಲಿಯೇ ಉತ್ತರ ಹೇಳಲಿ ಎಂದು ಆದೇಶ ಬರೆಸಿದರು. ಕೇಸು ಮುಗಿದಿಲ್ಲ, ಆದರೆ ಬದುಕಿತು. ನನಗೆ ಕಣ್ಣು ತುಂಬಿ ಬಂತು.

ಹೊರಗೆ ಬೇವಿನ ನೆರಳಲ್ಲಿ ದಿಗಂಬರ ಬುತ್ತಿ ಬಿಚ್ಚಿದ. ರೊಟ್ಟಿ ತಾನೇ ಬಡಿದದ್ದು, ಅಂಚೆಲ್ಲ ಸೀದಿತ್ತು. ಡಬ್ಬಿ ಮಾತ್ರ ಹೊಸದು. ಮುಚ್ಚಳದ ಮೇಲೆ ‘ದ್ರೌಪತಿಗೆ, ದಿಗಂಬರನಿಂದ’ ಎಂದಿತ್ತು.

ಆಕೆ ಎಡಗೈಯಿಂದ ಅಕ್ಷರಗಳನ್ನು ಮೆಲ್ಲಗೆ ಸವರಿದಳು.

“ಇಷ್ಟು ಸಣ್ಣದು ಹಾಕ್ಸೀರೇನ್ರಿ? ನನ್ನ ಕೈ ನೆಟ್ಟಗಾಗ್ಲಿ, ನಾನೇ ಕರೀಂ ಸಾಬ್ರ ಮುಂದ ಕುಂತು ದೊಡ್ಡದು ಹಾಕಿಸ್ತೀನಿ.”

ದಿಗಂಬರ ರೊಟ್ಟಿ ಮುರಿದು ಅವಳ ಬಾಯಿಯ ಹತ್ತಿರ ಹಿಡಿದ. ಐದು ವರ್ಷದ ಸಿಟ್ಟನ್ನು ಬಿಟ್ಟು ಆಕೆ ಬಾಯಿ ತೆರೆದಳು.