ಗುಡಿ ಕಾಣುವ ಮುಂಚೆ ಇಳಿದವರು

ಮುಳಬಾಗಿಲು ತಾಲ್ಲೂಕಿನಲ್ಲಿ, ಕುರುಡುಮಲೆಯ ಹತ್ತಿರ ಒಂದು ಹಳ್ಳಿ. ಅಲ್ಲಿನ ಮುನಿರಾಮಪ್ಪನಿಗೆ ಅರವತ್ತೆರಡು ವರ್ಷ. ಹಿಪ್ಪುನೇರಳೆ ತೋಟವಿದೆ, ರೇಷ್ಮೆ ಹುಳು ಸಾಕುತ್ತಾನೆ. ಬಿ.ಪಿ. ಇದೆ, ಆದರೆ ಮಾತ್ರೆ ನುಂಗುವುದು ನೆನಪಾದಾಗ ಮಾತ್ರ. ಕೇದಾರನಾಥ ನೋಡಬೇಕೆಂಬುದು ಹೆಂಡತಿ ಅಕ್ಕಯಮ್ಮನ ಬಹಳ ದಿನದ ಆಸೆ. ಈ ವರ್ಷ ಊರಿನ ಹತ್ತು ಜನ ಹೊರಟಾಗ ಇವರೂ ಹೆಸರು ಕೊಟ್ಟರು.

ಸುದ್ದಿ ಕೇಳಿ ಆಶಾ ಕಾರ್ಯಕರ್ತೆ ಗಂಗಾಲಕ್ಷ್ಮಿ ಮನೆಗೆ ಬಂದಳು.

“ಮಾವ, ಹೋಗೋಕೆ ಮುಂಚೆ ಆಸ್ಪತ್ರೇಲಿ ಒಂದ್ಸಲ ತೋರಿಸ್ಕೊಳ್ಳಿ.”

“ಏಮ್ಮಾ, ನಾನೇನು ಕಾಯಿಲೆಯೋನಾ? ದಿನಾ ಸೊಪ್ಪಿನ ಹೊರೆ ಹೊರ್ತೀನಿ. ಕರೆಸ್ಕೊಳ್ಳೋ ದೇವ್ರು ಕಾಪಾಡಲ್ವಾ?”

“ಕಾಪಾಡ್ತಾನೆ. ಆದ್ರೆ ಅಷ್ಟು ಎತ್ತರದಲ್ಲಿ ಗಾಳಿನೇ ತೆಳು ಮಾವ. ಇಲ್ಲಿ ಹೊರೆ ಹೊತ್ತೋರಿಗೂ ಅಲ್ಲಿ ಉಸಿರು ಸಾಲ್ದೆ ಹೋಗ್ಬೋದು.”

ಮುನಿರಾಮಪ್ಪ ನಕ್ಕುಬಿಟ್ಟ. ಅಕ್ಕಯಮ್ಮ ನಗಲಿಲ್ಲ. “ನೀನು ಹೇಳಮ್ಮ, ನಾನು ಕೇಳ್ಕೋತೀನಿ” ಎಂದಳು.

ಗಂಗಾಲಕ್ಷ್ಮಿ ಬಿಡಿಸಿ ಹೇಳಿದಳು. “ಇವತ್ತಿಂದಾನೇ ದಿನಾ ನಡೀರಿ ಅತ್ತೆ. ಬಿ.ಪಿ. ಮಾತ್ರೆ ತಪ್ಪಿಸ್ಬೇಡಿ. ಅದು ದೊಡ್ಡ ಬ್ಯಾಗಲ್ಲಿ ಬೇಡ, ಮೈಮೇಲೇ ಇರ್ಲಿ. ಸ್ವೆಟರ್, ಮಳೆ ಕೋಟು ತಗೊಳ್ಳಿ. ಹೆಸರು, ಕಾಯಿಲೆ, ಮಾತ್ರೆ, ಮನೆ ಫೋನ್ ನಂಬರ್ ಹಿಂದೀಲಿ ಬರೆಸಿ ಜೇಬಲ್ಲಿಡಿ. ದಾರೀಲಿ ಒಂದು ದಿನ ನಿಂತು, ಮೈ ಒಗ್ಗಿದ ಮೇಲೆ ಹತ್ತಿ. ತಲೆನೋವು, ವಾಂತಿ, ಕಾಲು ತೂರಾಡೋದು, ಇಷ್ಟ್ರಲ್ಲಿ ಏನು ಕಂಡ್ರೂ ಮುಂದೆ ಹೆಜ್ಜೆ ಇಡ್ಬೇಡಿ. ತಕ್ಷಣ ಕೆಳಗೆ ಇಳೀರಿ.”

ಅಕ್ಕಯಮ್ಮನ ಒತ್ತಾಯಕ್ಕೆ ಆಸ್ಪತ್ರೆಗೆ ಹೋದರು. ಬಿ.ಪಿ. ಹೆಚ್ಚೇ ಇತ್ತು. ವೈದ್ಯರು ಮಾತ್ರೆ ಬದಲಿಸಿ, ಮತ್ತೆ ಪರೀಕ್ಷಿಸಿ, ಹದಕ್ಕೆ ಬಂದ ಮೇಲೆ “ಹೋಗಿ ಬನ್ನಿ, ಅವಸರ ಮಾಡಬೇಡಿ” ಎಂದರು.

ಕೇದಾರನಾಥದ ಬೆಟ್ಟದ ದಾರಿಯಲ್ಲಿ ಮುಕ್ಕಾಲು ಭಾಗ ಚೆನ್ನಾಗಿಯೇ ನಡೆದರು. ಆಮೇಲೆ ಮುನಿರಾಮಪ್ಪನಿಗೆ ತಲೆ ಸಿಡಿಯತೊಡಗಿತು. ವಾಂತಿಯಾಯಿತು. ಕುಡಿದವನಂತೆ ಕಾಲು ತೂರಾಡಿತು.

“ಇಳಿಯೋಣ ನಡೀರಿ” ಎಂದಳು ಅಕ್ಕಯಮ್ಮ.

“ಲೇ, ಇಷ್ಟು ದೂರ ಬಂದು ವಾಪಸ್ಸಾ? ಇನ್ನೊಂದೆರಡು ಗಂಟೆ ಅಷ್ಟೇ ಕಣೇ. ನಿನ್ನಾಸೆ ಏನಾಗ್ಬೇಕು?”

“ನನ್ನಾಸೆಗೆ ಬೆಂಕಿ ಬೀಳ್ಲಿ. ನೀವಿರ್ಬೇಕು ನನಗೆ.”

ಜೊತೆಯವರಿಗೆ ಹೇಳಿ, ಗುಡಿಯಿರುವ ದಿಕ್ಕಿಗೆ ಒಮ್ಮೆ ಕೈಮುಗಿದು, ಅವಳು ಡೋಲಿಯವರನ್ನು ಕೂಗಿದಳು. ಅವರು ಮುನಿರಾಮಪ್ಪನನ್ನು ಹೊತ್ತು ಕೆಳಗಿನ ಚಿಕಿತ್ಸಾ ಕೇಂದ್ರಕ್ಕೆ ತಂದರು. ಮಾತಾಡಲೂ ಅವನಿಗೆ ಶಕ್ತಿಯಿರಲಿಲ್ಲ, ಅಕ್ಕಯಮ್ಮನಿಗೆ ಹಿಂದಿ ಬಾರದು. ಹೊರಡುವ ಮುಂಚೆ ಅಕ್ಕಯಮ್ಮ ಹಿಂದಿಯಲ್ಲಿ ಬರೆಸಿ ಅವನ ಜೇಬಿನಲ್ಲಿಟ್ಟಿದ್ದ ಚೀಟಿ ಓದಿಕೊಂಡೇ ವೈದ್ಯರು ಆಕ್ಸಿಜನ್ ಹಾಕಿದರು. ಅಲ್ಲಿದ್ದ ನರ್ಸ್ ಆಂಧ್ರದ ಹುಡುಗಿ. ಅಕ್ಕಯಮ್ಮನಿಗೆ ತೆಲುಗು ಮನೆಮಾತಿನಷ್ಟೇ ಸಲೀಸು. “ಸರಿಯಾದ ಹೊತ್ತಿಗೆ ಇಳಿಸಿದ್ದೀರಮ್ಮ, ಇನ್ನೂ ಮೇಲೆ ಹೋಗಿದ್ದರೆ ಜೀವಕ್ಕೆ ಅಪಾಯವಿತ್ತು” ಎಂದು ಆ ಹುಡುಗಿ ತೆಲುಗಿನಲ್ಲಿ ಹೇಳಿದಾಗ ಅಕ್ಕಯಮ್ಮ ಅಲ್ಲೇ ನೆಲದ ಮೇಲೆ ಕುಳಿತು ಅತ್ತುಬಿಟ್ಟಳು.

ಊರಿಗೆ ಬಂದ ಮಾರನೆಯ ದಿನ ಮುನಿರಾಮಪ್ಪ ಒಂದು ಬುಟ್ಟಿ ಶ್ರೀನಿವಾಸಪುರದ ಮಾವಿನಹಣ್ಣು ಹೊತ್ತು ಗಂಗಾಲಕ್ಷ್ಮಿಯ ಮನೆಗೆ ಹೋದ. ಹಿಂದೆ ಅಕ್ಕಯಮ್ಮ.

“ನಿನ್ನ ಮಾತಿಗೆ ನಕ್ಕಿದ್ದೆ ಕಣಮ್ಮ. ಇವತ್ತು ನಿನ್ನಿಂದ ಉಸಿರಾಡ್ತಿದ್ದೀನಿ.”

“ಹೇಳೋದು ಸುಲಭ ಮಾವ. ಅಲ್ಲೀವರ್ಗೂ ಹೋಗಿ ತಿರುಗಿ ಬರೋದು ಕಷ್ಟ. ಅತ್ತೆಗೆ ಹೇಳಿ ಆ ಮಾತು.”

ಮೂವತ್ತೆಂಟು ವರ್ಷದ ಸಂಸಾರದಲ್ಲಿ ಮುನಿರಾಮಪ್ಪ ಹೆಂಡತಿಗೆ ಅಂಥ ಮಾತು ಹೇಳಿದವನಲ್ಲ. ಬುಟ್ಟಿ ಕೆಳಗಿಟ್ಟ. ಕೊನೆಗೆ ಅವಳ ಕಡೆ ತಿರುಗಿ, “ನಿನಗೆ ಗುಡಿ ತಪ್ಪಿಸ್ಬಿಟ್ಟೆ. ನೀನು ನನ್ನ ಉಳಿಸ್ಕೊಂಡೆ” ಎಂದ.

“ಬದುಕಿದ್ರೆ ಇನ್ನೊಂದ್ಸಲ ನೋಡೋಣ ಬಿಡಿ” ಎಂದು ಅಕ್ಕಯಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಅಕ್ಕ, ಅಣ್ಣಂದಿರೇ, ನಿಮ್ಮ ಮನೆಯಿಂದಲೂ ಯಾರಾದರೂ ಎತ್ತರದ ಬೆಟ್ಟದ ಯಾತ್ರೆಗೆ ಹೊರಟಿದ್ದಾರೆಯೇ? ಒಂದು ತಿಂಗಳ ಮುಂಚೆಯೇ ಆಸ್ಪತ್ರೆಗೆ ಕರೆದೊಯ್ದು ತೋರಿಸಿ. ಜೇಬಿಗೆ ಮಾತ್ರೆ, ಚೀಟಿ ಎರಡನ್ನೂ ನೀವೇ ಇಟ್ಟು ಕಳಿಸಿ. ದಾರಿಯಲ್ಲಿ ಮೈ ಬೇಡವೆಂದರೆ ನಾಚಿಕೆಪಡದೆ ಇಳಿದು ಬನ್ನಿ ಎಂದು ಹೇಳಿ. ಬೆಟ್ಟ ಅಲ್ಲೇ ಇರುತ್ತದೆ. ನಿಮ್ಮವರು ಮನೆಗೆ ಬರಲಿ.