ಬಾಲದ ಸ್ಟೇರಿಂಗಿನಲ್ಲಿ ಕೂತವನು

೧

ಈ ಕಥೆಯನ್ನು ಯಾವ ಕಡೆಯಿಂದ ಹಿಡಿಯಲಿ? ಡ್ರೈವರಿನಿಂದ ಅಂದರೆ, ಅವನು ಭಾರಿ ಸಾಗಣೆ ಕಂಪನಿಯ ಗೇಟಿನ ಹೊರಗೆ ನಿಂತಿದ್ದಾನೆ. ತಾನಾಗಿ ಬಾಯಿ ಬಿಡುವ ಆಸಾಮಿಯಲ್ಲ. ಲಾರಿಯಿಂದ ಅಂದರೆ, ಲಾರಿಯ ವಿಷಯದಲ್ಲಿ ನನ್ನದು ಶುದ್ಧ ಸೊನ್ನೆ. (ಗೊತ್ತಿಲ್ಲದ್ದನ್ನು ಗೊತ್ತಿದ್ದವರ ಹಾಗೆ ಬರೆಯುವುದೇ ನಮ್ಮ ಕಸುಬು. ಹೊಟ್ಟೆಗೆ ಹಾಕಿಕೊಳ್ಳಿ.)

ಮೊದಲು ಒಂದು ಉಪಯುಕ್ತ ಲೇಖನಕ್ಕೆ ಕೈಹಾಕಿದೆ. 'ಅನುಭವಿ ಲಾರಿ ಚಾಲಕರು ಭಾರಿ ಸಾಗಣೆಗೆ ಸೇರುವುದು ಹೇಗೆ?' ಅಪಘಾತ ಮಾಡಿರಬಾರದು. ಆ ಕೆಲಸದವರ ಪರಿಚಯ ಬೇಕು. ಎಷ್ಟೇ ವರ್ಷ ಓಡಿಸಿದ್ದರೂ ಬಾಲದಿಂದ ಶುರು ಮಾಡಲು ಒಪ್ಪಬೇಕು. ಇಷ್ಟು ಬರೆದು ನೋಡಿದರೆ ಅವನಿನ್ನೂ ಗೇಟಿನ ಹೊರಗೇ ನಿಂತಿದ್ದ, ಬಿಸಿಲಲ್ಲಿ. ಲೇಖನ ಹರಿದು ಹಾಕಿ ಅವನನ್ನು ಒಳಗೆ ಕರೆದೆ.

೨

ಬಾಲವೆಂದರೆ ಏನೆಂದು ಹೇಳಿಬಿಡುತ್ತೇನೆ. ಮನೆ ಗಾತ್ರದ ಟ್ರಾನ್ಸ್‌ಫಾರ್ಮರ್ ಹೊತ್ತ ಟ್ರೇಲರಿಗೆ ಮುಂದೊಬ್ಬ ಡ್ರೈವರ್. ತಿರುವುಗಳಲ್ಲಿ ಹಿಂದಿನ ಗಾಲಿಗಳನ್ನು ತಿರುಗಿಸಲು ಬಾಲದಲ್ಲೊಂದು ಪುಟ್ಟ ಕ್ಯಾಬಿನ್, ಅದರಲ್ಲಿ ಇನ್ನೊಬ್ಬ. ಅವನಿಗೆ ಮುಂದಿನ ರಸ್ತೆ ಕಾಣುವುದಿಲ್ಲ. ಪಕ್ಕದಲ್ಲಿ ವಾಕಿಟಾಕಿ ಹಿಡಿದು ನಡೆಯುವ ಮೇಸ್ತ್ರಿ ಹೇಳಿದಷ್ಟು ತಿರುಗಿಸಬೇಕು, ಹೇಳಿದಾಗ ನಿಲ್ಲಿಸಬೇಕು. ಹೊಸಬರೆಲ್ಲರೂ ಮೊದಲು ಅಲ್ಲಿ ಕೂರಬೇಕು.

"ಇಷ್ಟು ವರ್ಷ ಒಬ್ರೇ ರಾಜನ ಹಾಗೆ ಓಡಿಸ್ಕೊಂಡಿದ್ರಿ," ಎಂದ ಮೇಸ್ತ್ರಿ. "ಈ ವಯಸ್ಸಲ್ಲಿ ಯಾಕ್ರೀ ಬೇಕು ಈ ಉಸಾಬರಿ?"

"ಮಾತಾಡೋರು ಇರ್ತಾರಲ್ಲ, ಅದಕ್ಕೆ."

"ಯಾರು ಮಾತಾಡೋರು?"

"ಇದರಲ್ಲಿ," ಎಂದು ಅವನು ವಾಕಿಟಾಕಿ ತೋರಿಸಿದ. "ದಾರಿ ಉದ್ದಕ್ಕೂ."

ಮೇಸ್ತ್ರಿ ನಕ್ಕ. ನನಗೆ ನಗು ಬರಲಿಲ್ಲ, ಏಕೆಂದರೆ ಕಾರಣ ನನಗೆ ಗೊತ್ತು. ಹೋದ ಮಳೆಗಾಲದಲ್ಲಿ ಅವನ ಹೆಂಡತಿ ತೀರಿಹೋದಳು. ಅವಳು ಬದುಕಿದ್ದಷ್ಟು ದಿನ ಅವನು ಗಾಡಿ ಹತ್ತಿದರೆ ಸಾಕು, ಫೋನಿನಲ್ಲಿ ಅವಳ ಮಾತು ಶುರು: ನಲ್ಲಿ ಸೋರುತ್ತಿದೆ, ಪಕ್ಕದ ಮನೆ ಬೆಕ್ಕು ಮರಿ ಹಾಕಿದೆ, ಊಟ ಮಾಡಿದ್ರಾ. ಇವನು ಹೂಂಗುಟ್ಟುತ್ತ ಓಡಿಸುತ್ತಿದ್ದ. ಈಗ ಕ್ಯಾಬಿನ್ ತುಂಬ ಬರೀ ಇಂಜಿನ್ ಸದ್ದು.

೩

"ಸಾರ್, ಒಂದು ಮಾತು."

ಡ್ರೈವರ್ ನನ್ನನ್ನೇ ಕರೆದದ್ದು, ಕಥೆಯ ಒಳಗಿಂದ.

"ಅವಳನ್ನ ಯಾಕೆ ಸಾಯಿಸಿದ್ರಿ?"

"ನೀವು ಇಲ್ಲಿಗೆ ಬರೋಕೆ ಏನಾದ್ರೂ ಕಾರಣ ಬೇಕಿತ್ತಲ್ಲ."

"ಸಂಬಳ ಜಾಸ್ತಿ ಅಂತ ಬರೀಬಹುದಿತ್ತು. ಎಲ್ಲರೂ ಬರೋದು ಅದಕ್ಕೇ."

(ವಿಮರ್ಶಕರು ಕೇಳಿದ್ದರೆ ಒಂದು ಗಂಟೆ ಕೊರೆಯುತ್ತಿದ್ದೆ. ಅವನ ಮುಂದೆ ಹೊಸ ಹಾಳೆ ತೆಗೆದೆ.)

೩, ಮತ್ತೊಮ್ಮೆ

ಸರಿ, ಅವಳು ಬದುಕಿದ್ದಾಳೆ. ಅವನು ಹಳೇ ಲಾರಿಯಲ್ಲೇ ಇದ್ದಾನೆ. ಫೋನ್ ಬರುತ್ತದೆ.

"ಬೆಳಿಗ್ಗೆಯಿಂದ ಎದೆ ಹಿಡ್ಕೊಂಡ ಹಾಗೆ ಆಗ್ತಿದೆ ಕಣ್ರೀ."

ಅವನು ಬಸ್ಸೊಂದನ್ನು ಹಿಂದೆ ಹಾಕುತ್ತಿದ್ದ. ಕಣ್ಣು ಕನ್ನಡಿಯಲ್ಲಿತ್ತು. "ಹೂಂ," ಎಂದ.

"ಬರ್ತಾ ಅಡಿಗೆಮನೆಗೊಂದು ಬಲ್ಬ್ ತನ್ನಿ," ಎಂದಳು ಅವಳು.

ನಂಬಿ, ನಾನು ಬರೆಯಲು ಕೂತದ್ದು ಬಲ್ಬಿನ ಮಾತು ಮಾತ್ರ. ಮೊದಲ ಮಾತು ಎಲ್ಲಿಂದ ಬಂತೋ ತಿಳಿಯದು.

"ನಡೆದದ್ದು ಹೀಗೇನಾ?" ಎಂದು ಕೇಳಿದೆ.

"ಬಲ್ಬ್ ತಂದಿದ್ದೆ ಸಾರ್," ಎಂದು ಅವನು ಮುಖ ಮುಚ್ಚಿಕೊಂಡು ಅತ್ತ. ನಾನೂ ಅತ್ತೆ. ಆಧುನಿಕೋತ್ತರ ಲೇಖಕರು ಅಳಬಾರದೆಂದು ಯಾರಾದರೂ ನಿಯಮ ಮಾಡಿದ್ದರೆ ಅವರೇ ಇಟ್ಟುಕೊಳ್ಳಲಿ.

೫

(ನಾಲ್ಕನೆಯದನ್ನು ಹರಿದೆ. ಬರೀ ಸಮಾಧಾನದ ಮಾತುಗಳು.)

ಕೆಲಸ ಕೊಡುವ ಮುನ್ನ ಓಡಿಸಿ ತೋರಿಸಬೇಕಾದ ಪರೀಕ್ಷೆಯ ದಿನ, ಪೇಟೆಯ ತಿರುವು. ಬಾಲದಲ್ಲಿ ಇವನು. "ಎಡಕ್ಕೆ... ಇನ್ನೂ... ಸಾಕು, ನೇರ ಮಾಡಿ," ಎಂದ ಮೇಸ್ತ್ರಿ. ಇವನು ಕನ್ನಡಿ ನೋಡಿದ. ಇನ್ನೂ ಜಾಗವಿದೆ ಎಂದಿತು ಕನ್ನಡಿ. ಜೀವನವಿಡೀ ನಂಬಿದ್ದು ಅದನ್ನೇ. "ಹೂಂ," ಎಂದು ಇನ್ನಷ್ಟು ತಿರುಗಿಸಿದ. ಟ್ರೇಲರಿನ ಬಾಲ ದರ್ಜಿ ಅಂಗಡಿಯ ಗೋಡೆಗೆ ತಾಗಿ ಇಟ್ಟಿಗೆಗಳು ಉದುರಿದವು. (ದರ್ಜಿಯನ್ನು ಮೊದಲೇ ಚಹಾಕ್ಕೆ ಕಳಿಸಿದ್ದೆ. ನನ್ನ ಕೈಲಾದ ಉಪಕಾರ.)

ಮೇಸ್ತ್ರಿ ಕೂಗಾಡಲಿಲ್ಲ. ಕಿಟಕಿಯ ಹತ್ತಿರ ಬಂದು ಹೇಳಿದ: "ಓಡಿಸೋದು ನಿಮಗೆ ಯಾರೂ ಕಲಿಸಬೇಕಾಗಿಲ್ಲ. ಆದ್ರೆ ನೀವು ಹೂಂ ಅಂತೀರಿ, ಕೇಳಿಸ್ಕೊಳ್ಳಲ್ಲ. ಮುಂದೆ ಇನ್ನೊಂದು ತಿರುವಿದೆ. ಅಲ್ಲೂ ಹೀಗೇ ಆದ್ರೆ ಬೇಜಾರು ಮಾಡ್ಕೋಬೇಡಿ, ಇಳಿದು ಹೋಗಿಬಿಡಿ."

೬

ಕಥೆಗೆ ಬರೆದಿದ್ದ ಕೊನೆಗಳನ್ನು ಅವನ ಮುಂದೆ ಹರಡಿದೆ.

ಒಂದರಲ್ಲಿ ತಿರುವು ಸಲೀಸು, ಮೇಸ್ತ್ರಿ ಬೆನ್ನು ತಟ್ಟುತ್ತಾನೆ. "ಇದು ಟೈರ್ ಕಂಪನಿ ಜಾಹೀರಾತು ಸಾರ್," ಎಂದ.

ಇನ್ನೊಂದರಲ್ಲಿ ವಾಕಿಟಾಕಿಯಿಂದ ಹೆಂಡತಿಯ ದನಿ ಬರುತ್ತದೆ. ಇದರ ಬಗ್ಗೆ ನನಗೆ ಒಳಗೊಳಗೇ ಹೆಮ್ಮೆಯಿತ್ತು. ಅವನು ಸಿಡಿದುಬಿದ್ದ. "ಅವಳ ದನಿ ನಿಮಗೇನ್ ಗೊತ್ತು? ಜೊತೇಲಿದ್ದ ನಾನೇ ಸರಿಯಾಗಿ ಕೇಳಿಲ್ಲ."

ಮತ್ತೊಂದರಲ್ಲಿ ಅವನು ಇಳಿದು ಒಂಟಿ ಲಾರಿಗೆ ಮರಳುತ್ತಾನೆ. ಅದನ್ನು ಅವನು ಎರಡು ಸಲ ಓದಿದ. ಅದನ್ನೇ ಆರಿಸಿಯಾನೆಂದು ನನಗೇ ಹೆದರಿಕೆಯಾಗಿ ಆ ಹಾಳೆ ಮಡಚಿಟ್ಟೆ.

೭

ಕೊನೆಯ ತಿರುವು. ಒಂದು ಕಡೆ ಶಾಲೆಯ ಗೋಡೆ, ಇನ್ನೊಂದು ಕಡೆ ಕಾಲುವೆ. ಮೇಸ್ತ್ರಿ ಏನೋ ಹೇಳಿದ. ಇಂಜಿನ್ ಸದ್ದಿನಲ್ಲಿ ಅರ್ಧ ಕೇಳಿಸಿತು, ಅರ್ಧ ಇಲ್ಲ. ಇವನ ಕಣ್ಣು ಕನ್ನಡಿಗೆ ಹೋಯಿತು. ಹೂಂ ಎನ್ನುವುದು ಗಂಟಲವರೆಗೂ ಬಂತು.

ಅವನು ವಾಕಿಟಾಕಿಯ ಗುಂಡಿ ಒತ್ತಿದ. "ಸರಿಯಾಗಿ ಕೇಳಿಸ್ಲಿಲ್ಲ. ಇನ್ನೊಂದ್ಸಲ ಹೇಳಿ."

ಗಾಲಿಗಳೆಲ್ಲ ನಿಂತವು. ಮೇಸ್ತ್ರಿ ಮತ್ತೆ ಹೇಳಿದ, ಬಿಡಿಸಿ ಬಿಡಿಸಿ. ಈ ಸಲ ರಸ್ತೆಯಲ್ಲಿದ್ದವರಿಗೆಲ್ಲ ಕೇಳಿಸಿತು. ನನಗೂ ಕೇಳಿಸಿತು, ಅವನಿಗೂ.

"ಇನ್ನೊಂದ್ಸಲ ಹೇಳಿ," ಎಂದ ಅವನು.

ಕೆಲಸ ಸಿಕ್ಕಿತೇ ಎಂದು ಕೇಳುತ್ತೀರಿ. ನಾನು ಬರೆಯುವುದಿಲ್ಲ. ಹಿಂದೆ ವಾಹನಗಳು ಸಾಲುಗಟ್ಟಿವೆ, ಎಲ್ಲರೂ ನನ್ನನ್ನೇ ಬೈಯುತ್ತಿದ್ದಾರೆ, ಬೈಯಲಿ. ಅವನು ವಾಕಿಟಾಕಿಯನ್ನು ಎರಡೂ ಕೈಯಲ್ಲಿ ಕಿವಿಗೆ ಒತ್ತಿ ಹಿಡಿದು ಕಣ್ಣು ಮುಚ್ಚಿದ್ದಾನೆ.

ಮೇಸ್ತ್ರಿಗೆ ಏನನ್ನಿಸಿತೋ, ರೇಗದೆ ಮತ್ತೊಮ್ಮೆ ಹೇಳುತ್ತಿದ್ದಾನೆ.